ಚುಕ್ಕಿಗೆ ಸಾಕ್ಷಿಯುಂಟು, ಗೆರೆಗೆ?

2013ರ ನವೆಂಬರ್‌ನಲ್ಲಿ ನಾಗಾಲ್ಯಾಂಡಿನ ಪಾಂಗ್ಟಿ ಎಂಬ ಹಳ್ಳಿಯ ಬಳಿ ಮೂರು ಅಮೂರ್ ಫಾಲ್ಕನ್ ಹಕ್ಕಿಗಳ ಬೆನ್ನಿಗೆ ಐದೈದು ಗ್ರಾಂ ತೂಕದ ಟ್ರಾನ್ಸ್‌ಮಿಟರ್ ಕಟ್ಟಿ ಹಾರಿಬಿಟ್ಟರು. ಹಿಂದಿನ ವರ್ಷವಷ್ಟೇ ಅಲ್ಲಿನ ದೊಯಾಂಗ್ ಜಲಾಶಯದ ಸುತ್ತ ಇದೇ ಹಕ್ಕಿಗಳನ್ನು ಬಲೆ ಹಾಕಿ ಸಾವಿರಗಟ್ಟಲೆ ಕೊಲ್ಲುತ್ತಿದ್ದ ಸುದ್ದಿ ಹೊರಬಿದ್ದಿತ್ತು. ಊರಿನವರು ಒಂದೇ ವರ್ಷದಲ್ಲಿ ಬೇಟೆ ಬಿಟ್ಟು ಕಾವಲಿಗೆ ನಿಂತರು. ಹಕ್ಕಿಗಳಿಗೆ ಆ ನೆಲದ್ದೇ ಹೆಸರಿಟ್ಟರು: ನಾಗಾ, ವೋಖಾ, ಪಾಂಗ್ಟಿ. ಆಮೇಲೆ ಬಂದ ನಕ್ಷೆಗಳನ್ನು ನೋಡಿದವರಿಗೆ ನೆನಪಿರಬೇಕು. ನಾಗಾಲ್ಯಾಂಡಿನಿಂದ ಹೊರಟ ಗೆರೆ ನಮ್ಮ ಪರ್ಯಾಯ ದ್ವೀಪವನ್ನು ಹಾದು, ಅರಬ್ಬೀ ಸಮುದ್ರವನ್ನು ಒಂದೇ ಉಸಿರಿಗೆ ದಾಟಿ, ಸೊಮಾಲಿಯಾ ಮುಟ್ಟಿ, ದಕ್ಷಿಣ ಆಫ್ರಿಕಾದ ತನಕ ಇಳಿದಿತ್ತು. 150 ಗ್ರಾಂ ಆಸುಪಾಸಿನ ಹಕ್ಕಿಯೊಂದು ಇಷ್ಟು ದೂರ ಹೋಗುತ್ತದೆ ಎಂಬುದನ್ನು ಸಾಮಾನ್ಯ ಓದುಗರಿಗೆ ಮನಗಾಣಿಸಿದ್ದು ಆ ಗೆರೆ.

ಆದರೆ ಹಕ್ಕಿಯ ಬೆನ್ನಿನ ಯಂತ್ರ ಗೆರೆಯನ್ನು ಕಳಿಸುವುದಿಲ್ಲ, ಚುಕ್ಕಿಗಳನ್ನು ಕಳಿಸುತ್ತದೆ. ಅದೂ ಎಡೆಬಿಡದೆ ಅಲ್ಲ. ಸೌರಶಕ್ತಿಯಿಂದ ನಡೆಯುವ ಇಂಥ ಪುಟ್ಟ ಯಂತ್ರ ಕೆಲವು ಗಂಟೆ ಕೆಲಸ ಮಾಡಿ, ಮತ್ತೆ ಬ್ಯಾಟರಿ ತುಂಬಿಕೊಳ್ಳಲು ಹೆಚ್ಚುಕಡಿಮೆ ಎರಡು ದಿನ ಸುಮ್ಮನಿರುತ್ತದೆ. ಆರ್ಗೋಸ್ ಎಂಬ ವ್ಯವಸ್ಥೆಯ ಉಪಗ್ರಹಗಳು ತಲೆಯ ಮೇಲೆ ಹಾದುಹೋಗುವಾಗ ಯಂತ್ರದ ಸಂಕೇತದ ಆವರ್ತನದಲ್ಲಿ ಆಗುವ ಏರಿಳಿತವನ್ನು ಹಿಡಿಯುತ್ತವೆ, ಅದರಿಂದ ಹಕ್ಕಿ ಎಲ್ಲಿದೆ ಎಂದು ಲೆಕ್ಕ ಹಾಕುತ್ತಾರೆ. ಪ್ರತಿ ಲೆಕ್ಕದ ಜೊತೆಗೆ ಅದು ಎಷ್ಟು ನಂಬಲರ್ಹ ಎಂಬ ದರ್ಜೆಯೂ ಬರುತ್ತದೆ. ಮೊದಲ ದರ್ಜೆಯದಾದರೆ ತಪ್ಪು 250 ಮೀಟರ್ ಒಳಗೆ. ಕೆಳಗಿನವಾದರೆ ಒಂದೂವರೆ ಕಿಲೋಮೀಟರಿಗೂ ಮೀರಬಹುದು. ಇನ್ನೂ ಕೆಳಗಿನವಕ್ಕೆ ಅಂದಾಜೇ ಇಲ್ಲ. ಹೀಗೆ ಬಂದ ಬಿಡಿ ಬಿಡಿ ಚುಕ್ಕಿಗಳನ್ನು ಯಾರೋ ಒಬ್ಬರು ಕಂಪ್ಯೂಟರಿನಲ್ಲಿ ಕೂಡಿಸಿದ ಮೇಲೆ ನಾವು ನೋಡಿದ ಗೆರೆ ಹುಟ್ಟಿತು. ಚುಕ್ಕಿ ಅಳತೆಯಿಂದ ಬಂದದ್ದು. ಗೆರೆ ಮನುಷ್ಯರು ಕೂಡಿಸಿದ್ದು. ನಕ್ಷೆ ಓದುವಾಗ ಈ ವ್ಯತ್ಯಾಸವನ್ನು ನಾವು ಬಹಳ ಸುಲಭವಾಗಿ ಮರೆಯುತ್ತೇವೆ. ಮರೆತರೆ ಏನೇನು ಆಗುತ್ತದೆ ಎಂಬುದೇ ಇಂದಿನ ವಿಷಯ.

ಚುಕ್ಕಿ ಕೂಡಿಸುವ ಈ ಕೆಲಸ ಈಗ ವಿಜ್ಞಾನಿಗಳ ಕೈಯಲ್ಲಷ್ಟೇ ಉಳಿದಿಲ್ಲ. ಗ್ಯಾರಿ ಶೆರ್ಮನ್ 2002ರಲ್ಲಿ ಶುರುಮಾಡಿದ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ ಇಂದು ಯಾರಿಗೂ ಉಚಿತ. ಕಾಲೇಜು ವಿದ್ಯಾರ್ಥಿ, ಪಂಚಾಯಿತಿಗೆ ನಕ್ಷೆ ಮಾಡಿಕೊಡುವ ಯುವಕ, ಕೆರೆ ಸಮೀಕ್ಷೆಗೆ ಹೊರಟ ಸಂಘದವರು, ಎಲ್ಲರೂ ಲ್ಯಾಪ್‌ಟಾಪಿನಲ್ಲಿ ಇಳಿಸಿಕೊಂಡಿದ್ದಾರೆ. ಅದರಲ್ಲಿ ಚುಕ್ಕಿಗಳನ್ನು ಗೆರೆಯಾಗಿಸಲು ‘ಪಾಯಿಂಟ್ಸ್ ಟು ಪಾತ್’ ಎಂಬ ಉಪಕರಣವಿದೆ. ಒಂದು ಪುಟ್ಟ ಕಿಟಕಿ, ನಾಲ್ಕೈದು ಖಾನೆ, ಒಂದು ‘ರನ್’ ಗುಂಡಿ. ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಗೆರೆ ಸಿದ್ಧ. ಆ ಖಾನೆಗಳಲ್ಲಿ ಏನು ತುಂಬಿದೆವು ಎಂಬುದರಲ್ಲೇ ಎಲ್ಲವೂ ಅಡಗಿದೆ.

ಅದಕ್ಕೂ ಮೊದಲು ಚುಕ್ಕಿಗಳು ಸರಿಯಾದ ಜಾಗದಲ್ಲಿ ಕೂರಬೇಕು. ಮಾಹಿತಿ ಸಾಮಾನ್ಯವಾಗಿ ಒಂದು ಪಟ್ಟಿಯ ರೂಪದಲ್ಲಿರುತ್ತದೆ: ಹೆಸರು, ವೇಳೆ, ಅಕ್ಷಾಂಶ, ರೇಖಾಂಶ. ಬಾಯಲ್ಲಿ ಹೇಳುವಾಗ ನಾವು ಅಕ್ಷಾಂಶವನ್ನು ಮೊದಲು ಹೇಳುತ್ತೇವೆ. ತಂತ್ರಾಂಶ ಕೇಳುವುದು ಎಕ್ಸ್ ಮತ್ತು ವೈ. ಎಕ್ಸ್ ಎಂದರೆ ರೇಖಾಂಶ, ವೈ ಎಂದರೆ ಅಕ್ಷಾಂಶ. ಬೆಂಗಳೂರು ಸುಮಾರು 12.97 ಡಿಗ್ರಿ ಉತ್ತರ, 77.59 ಡಿಗ್ರಿ ಪೂರ್ವದಲ್ಲಿದೆ. ಎರಡೂ ಅಂಕಣ ಅದಲುಬದಲಾದರೆ ಬೆಂಗಳೂರಿನ ಚುಕ್ಕಿ ನಾರ್ವೆಯಾಚೆ, ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಹಿಮಸಮುದ್ರದಲ್ಲಿ ಹೋಗಿ ಕೂರುತ್ತದೆ. ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಕೂಡಲೇ ತಿದ್ದಬಹುದು. ಕಣ್ಣಿಗೆ ಬೀಳದ ತಪ್ಪುಗಳದ್ದೇ ಕಷ್ಟ.

ಅಂಥವು ಹುಟ್ಟುವುದು ಮುಖ್ಯವಾಗಿ ‘ಆರ್ಡರ್’ ಎಂಬ ಖಾನೆಯಲ್ಲಿ. ಯಾವ ಚುಕ್ಕಿಯ ನಂತರ ಯಾವುದು? ನೂರು ಚುಕ್ಕಿಗಳನ್ನು ಹರವಿ ಮುಂದಿಟ್ಟರೆ ಹಕ್ಕಿ ಎಲ್ಲಿಂದ ಹೊರಟಿತು, ಎಲ್ಲಿ ತಿರುಗಿತು ಎಂದು ತಂತ್ರಾಂಶ ತಾನಾಗಿ ಕಂಡುಹಿಡಿಯಲಾರದು. ಹತ್ತಿರದ ಎರಡು ಚುಕ್ಕಿಗಳು ಒಂದರ ಹಿಂದೆ ಒಂದು ಬಂದವೇ ಆಗಿರಬೇಕಿಲ್ಲ, ಹೋಗುವಾಗಿನದೊಂದು ಬರುವಾಗಿನದೊಂದು ಇರಬಹುದು. ಅನುಕ್ರಮವನ್ನು ನಾವೇ ಕೊಡಬೇಕು. ಕೊಟ್ಟರೂ ಅಂಕಿಗಳು ಅಕ್ಷರಗಳಾಗಿ ದಾಖಲಾಗಿದ್ದರೆ ಕಂಪ್ಯೂಟರ್ ಅವನ್ನು ನಿಘಂಟಿನ ಪದಗಳಂತೆ ಜೋಡಿಸುತ್ತದೆ. 1ರ ನಂತರ 10, 11, 12 ಬಂದು, ಆಮೇಲೆ 2 ಬರುತ್ತದೆ. ಆಗ ಗೆರೆ ಮೊದಲ ಚುಕ್ಕಿಯಿಂದ ಹತ್ತನೆಯದಕ್ಕೆ ಹಾರಿ, ಹತ್ತೊಂಬತ್ತರಿಂದ ಎರಡಕ್ಕೆ ಮರಳಿ, ನಕ್ಷೆ ಸಿಕ್ಕುಗಟ್ಟಿದ ನೂಲುಂಡೆಯಂತಾಗುತ್ತದೆ. ಹೊಸ ಆವೃತ್ತಿಗಳಲ್ಲಿ ಅಂಕಿಗಳಿರುವ ಪಠ್ಯವನ್ನು ಸಹಜ ಕ್ರಮದಲ್ಲೇ ಜೋಡಿಸು ಎಂದು ಹೇಳಲು ಒಂದು ಚೌಕವಿದೆ. ಅದನ್ನು ಗುರುತು ಹಾಕಲು ನೆನಪಿರಬೇಕಷ್ಟೇ.

ದಿನಾಂಕಗಳಲ್ಲಿ ಇದು ಇನ್ನೂ ಸೂಕ್ಷ್ಮ. ನಾವು ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರೆಯುವವರು. 02-11-2013 ಮತ್ತು 01-12-2013 ಎಂಬ ಎರಡನ್ನು ಪಠ್ಯವೆಂದು ಜೋಡಿಸಿದರೆ ಡಿಸೆಂಬರ್ ಒಂದು ನವೆಂಬರ್ ಎರಡಕ್ಕಿಂತ ಮೊದಲು ಬರುತ್ತದೆ. ಹಕ್ಕಿ ಆಫ್ರಿಕಾದಿಂದ ನಾಗಾಲ್ಯಾಂಡಿಗೆ ಬಂದು ಮತ್ತೆ ಆಫ್ರಿಕಾಕ್ಕೆ ಹೋದಂತೆ ಗೆರೆ ಮೂಡುತ್ತದೆ. 2013-11-02 ಎಂದು ವರ್ಷ ಮೊದಲು ಬರುವಂತೆ ಬರೆದರೆ ಈ ತೊಡಕೇ ಇಲ್ಲ. ಇನ್ನೊಂದು: ಜಿಪಿಎಸ್ ಉಪಕರಣಗಳು ಬಹುಮಟ್ಟಿಗೆ ಅಂತರರಾಷ್ಟ್ರೀಯ ಸಮಯದಲ್ಲಿ ದಾಖಲಿಸುತ್ತವೆ, ಕೈಯಲ್ಲಿ ಬರೆದ ಟಿಪ್ಪಣಿ ನಮ್ಮ ಗಡಿಯಾರದ್ದಾಗಿರುತ್ತದೆ. ನಡುವೆ ಐದೂವರೆ ಗಂಟೆ. ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಬೆಳಗಿನ ಚುಕ್ಕಿ ಮಧ್ಯಾಹ್ನದ ಚುಕ್ಕಿಗಳ ನಡುವೆ ನುಸುಳುತ್ತದೆ, ಗೆರೆ ಒಂದು ಕಡೆ ಸುಮ್ಮನೆ ಹಿಂದೆ ಹೋಗಿ ಮುಂದೆ ಬರುತ್ತದೆ. ಪ್ರಾಣಿಯ ನಡವಳಿಕೆ ಓದುತ್ತಿರುವವರು ಅದಕ್ಕೊಂದು ಅರ್ಥವನ್ನೂ ಹಚ್ಚಿಬಿಡಬಹುದು.

ಅನುಕ್ರಮದಷ್ಟೇ ಮುಖ್ಯವಾದದ್ದು ಗುಂಪು. ಮೂರು ಹಕ್ಕಿಗಳ ಚುಕ್ಕಿಗಳು ಒಂದೇ ಪಟ್ಟಿಯಲ್ಲಿದ್ದು, ‘ಗ್ರೂಪ್’ ಖಾನೆಯಲ್ಲಿ ಹಕ್ಕಿಯ ಹೆಸರಿನ ಅಂಕಣವನ್ನು ಕೊಡದಿದ್ದರೆ ತಂತ್ರಾಂಶ ಮೂರನ್ನೂ ಒಂದೇ ಜೀವವೆಂದು ಕೂಡಿಸಿಬಿಡುತ್ತದೆ. ಒಂದೇ ಹೊತ್ತಿನಲ್ಲಿ ಬೇರೆ ಬೇರೆ ಕಡೆ ಇದ್ದ ಹಕ್ಕಿಗಳ ನಡುವೆ ಗೆರೆ ಅತ್ತಿಂದಿತ್ತ ಜಿಗಿಯುತ್ತದೆ. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಆದ ಒಂದು ಕೆಲಸವನ್ನು ನೋಡಿದರೆ ಗುಂಪು ಎಂಬುದರ ನಿಜವಾದ ತೂಕ ತಿಳಿಯುತ್ತದೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಅಲ್ಲಿನ ಆದಿವಾಸಿ ಸೋಲಿಗರ ಜೊತೆಗೂಡಿ ಕಾಡು ಸುತ್ತಿ, ಅವರ ಪವಿತ್ರ ತಾಣಗಳನ್ನು ಜಿಪಿಎಸ್‌ನಲ್ಲಿ ಗುರುತು ಮಾಡಿದರು. ನಾನೂರಕ್ಕೂ ಹೆಚ್ಚು ತಾಣ. ಸೋಲಿಗರ ಪ್ರತಿ ಕುಲಕ್ಕೂ ಕಾಡಿನಲ್ಲಿ ತನ್ನದೇ ಎಲ್ಲೆ, ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ತಾಣಗಳು. ಇವು ಒಟ್ಟಿಗೆ ಸೇರಿದವು ಎಂದು ಉಪಗ್ರಹ ಚಿತ್ರ ಹೇಳುವುದಿಲ್ಲ. ಎರಡು ತಾಣ ಪಕ್ಕಪಕ್ಕದಲ್ಲಿದ್ದ ಮಾತ್ರಕ್ಕೆ ಒಂದೇ ಕುಲದವು ಆಗುವುದೂ ಇಲ್ಲ. ಯಾವ ತಾಣ ಯಾವ ಕುಲದ್ದು ಎಂಬ ಅಂಕಣ ಇದ್ದದ್ದು ಹಿರಿಯರ ನೆನಪಿನಲ್ಲಿ. 2011ರಲ್ಲಿ ಬಿಆರ್‌ಟಿ ಎಂದು ಕರೆಯುವ ಈ ಬೆಟ್ಟದ ಕಾಡು ಹುಲಿ ಮೀಸಲು ಎಂದು ಘೋಷಣೆಯಾಯಿತು, ಅದೇ ವರ್ಷ ಅಲ್ಲಿನ ಸೋಲಿಗರ ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ಸಾಮುದಾಯಿಕ ಅರಣ್ಯ ಹಕ್ಕಿನ ಮಾನ್ಯತೆಯೂ ಸಿಕ್ಕಿತು. ಕಾಡಿನಲ್ಲಿ ತಲೆಮಾರುಗಳಿಂದ ಬದುಕಿದವರು ಇಲ್ಲಿ ಇದ್ದೇವೆ ಎಂದು ತೋರಿಸಬೇಕಾದ ಕಾಲದಲ್ಲಿ ಇಂಥ ನಕ್ಷೆಯ ಬೆಲೆ ಎಷ್ಟೆಂದು ಬೇರೆ ಹೇಳಬೇಕಿಲ್ಲ. ಅದನ್ನು ನಂಬುವಂತೆ ಮಾಡಿದ್ದು ಅವರ ಜೊತೆ ನಡೆದ ನಡಿಗೆ.

ಇನ್ನು ಚುಕ್ಕಿ ಸರಿ, ಅನುಕ್ರಮ ಸರಿ, ಗುಂಪೂ ಸರಿ ಎಂದುಕೊಳ್ಳೋಣ. ಎರಡು ಚುಕ್ಕಿಗಳ ನಡುವೆ ತಂತ್ರಾಂಶ ಏನು ಮಾಡುತ್ತದೆ? ನೇರ ಗೆರೆ ಎಳೆಯುತ್ತದೆ. ನೇರ ಎಂದರೆ ಯಾವ ಲೆಕ್ಕದಲ್ಲಿ ನೇರ? ಭೂಮಿ ದುಂಡಗಿದೆ, ಪರದೆ ಚಪ್ಪಟೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂತು. ಕ್ಯಾಪ್ಟನ್ ಝೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ತಂಡ ಅದನ್ನು ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ತಂದಿತು. ಎರಡು ಊರುಗಳ ನಡುವಿನ ದೂರ ಸುಮಾರು 14,000 ಕಿಲೋಮೀಟರ್, ಅತಿ ಹತ್ತಿರದ ದಾರಿ ಧ್ರುವದ ಕಡೆಯಿಂದಲೇ. ಅದೇ ಎರಡು ಊರುಗಳ ಚುಕ್ಕಿ ಇಟ್ಟು ಕ್ಯೂಜಿಐಎಸ್‌ನಲ್ಲಿ ಕೂಡಿಸಿ ನೋಡಿ. ಗೆರೆ ಯೆಮನ್, ಕೆಂಪು ಸಮುದ್ರ, ಸಹಾರಾ ಮರುಭೂಮಿ, ಅಟ್ಲಾಂಟಿಕ್ ಸಾಗರ, ಅಮೆರಿಕದ ದಕ್ಷಿಣ ರಾಜ್ಯಗಳು ಎಂದು ಹಾದುಹೋಗುತ್ತದೆ. ಅದರ ಉದ್ದ ಎಷ್ಟೆಂದು ಸಾದಾ ಸೂತ್ರದಲ್ಲಿ ಕೇಳಿದರೆ ಸುಮಾರು 201 ಎಂಬ ಉತ್ತರ ಬರುತ್ತದೆ. ಕಿಲೋಮೀಟರ್ ಅಲ್ಲ, ಮೈಲಿಯೂ ಅಲ್ಲ, 201 ಡಿಗ್ರಿ.

ತಂತ್ರಾಂಶದ ಪಾಲಿಗೆ ರೇಖಾಂಶ ಮೈನಸ್ 180ರಿಂದ 180ರವರೆಗಿನ ಒಂದು ಅಳತೆಪಟ್ಟಿ. ಪಟ್ಟಿಯ ಎರಡು ತುದಿ ಪೆಸಿಫಿಕ್ ಸಾಗರದಲ್ಲಿ ಒಂದನ್ನೊಂದು ಮುಟ್ಟುತ್ತವೆ ಎಂದು ನಾವು ಹೇಳಿಕೊಡದೆ ಅದಕ್ಕೆ ಗೊತ್ತಾಗದು. ಫಿಜಿಯ ಸುತ್ತ ಓಡಾಡುವ ಹಡಗಿನ ಚುಕ್ಕಿಗಳನ್ನು ಹಾಗೇ ಕೂಡಿಸಿದರೆ ಗೆರೆ ಪ್ರತಿ ಸಲವೂ ಇಡೀ ಭೂಪಟಕ್ಕೆ ಅಡ್ಡಗೆರೆ ಹೊಡೆದು ಆಚೆ ತುದಿಗೆ ಹೋಗುತ್ತದೆ. ಇದಕ್ಕೆ ಜಿಯೋಡೆಸಿಕ್ ಗೆರೆ, ಅಂದರೆ ದುಂಡು ಭೂಮಿಯ ಮೇಲಿನ ಅತಿ ಹತ್ತಿರದ ದಾರಿ ಎಳೆಯುವ ಬೇರೆ ಉಪಕರಣವಿದೆ, ಬಳಸಬೇಕು. ಚಿಕ್ಕ ದೂರಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲವಾದರೂ ಅಳತೆಯ ವಿಷಯದಲ್ಲಿ ನಮ್ಮ ರಾಜ್ಯದೊಳಗೇ ಒಂದು ತೊಡಕಿದೆ. ಡಿಗ್ರಿಯನ್ನು ಮೀಟರಿಗೆ ತರಲು ಜಗತ್ತನ್ನು ಆರಾರು ಡಿಗ್ರಿಯ ಪಟ್ಟೆಗಳಾಗಿ ಸೀಳಿದ ಯುಟಿಎಂ ಎಂಬ ಪದ್ಧತಿ ಬಳಕೆಯಲ್ಲಿದೆ. ಕರ್ನಾಟಕದ ಬಹುಪಾಲು 43ನೇ ಪಟ್ಟೆಯಲ್ಲಿ ಬರುತ್ತದೆ. ಅದು 78 ಡಿಗ್ರಿಗೆ ಮುಗಿಯುತ್ತದೆ. ಕೋಲಾರ, ಮುಳಬಾಗಿಲು ಅದರಾಚೆ, 44ರಲ್ಲಿವೆ. ಬೆಂಗಳೂರಿನಿಂದ ಮುಳಬಾಗಿಲಿಗೆ ಹೋಗುವ ದಾರಿ ಅಳೆಯುವವರು ಇಡೀ ಗೆರೆಗೆ ಒಂದೇ ಪಟ್ಟೆ ಹಿಡಿದುಕೊಂಡರೆ ಚೆನ್ನ.

ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾದದ್ದು ಉದ್ದದ ಪ್ರಶ್ನೆ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಘಾಟಿಯ ಬುಡದ ಸೋಮೇಶ್ವರದಲ್ಲಿ ಒಂದು ಚುಕ್ಕಿ, ಮೇಲೆ ಆಗುಂಬೆಯಲ್ಲಿ ಇನ್ನೊಂದು ಸಿಕ್ಕಿದರೆ ಹದಿನಾಲ್ಕು ತಿರುವುಗಳೂ ಮಾಯ, ಬಸ್ಸು ಕಾಡಿನ ಮೇಲೆ ಹಾರಿದಂತೆ ನೇರ ಗೆರೆ. ಪ್ರತಿ ತಿರುವಿಗೆ ಒಂದೊಂದು ಚುಕ್ಕಿ ಇದ್ದರೆ ಗೆರೆ ರಸ್ತೆಗೆ ಹತ್ತಿರವಾಗುತ್ತದೆ, ಉದ್ದವೂ ಹೆಚ್ಚುತ್ತದೆ. ಚುಕ್ಕಿ ವಿರಳವಾದಷ್ಟೂ ಗೆರೆ ಗಿಡ್ಡ. ಹಾಗೆಂದು ಸೆಕೆಂಡಿಗೊಂದು ಚುಕ್ಕಿ ಹಿಡಿದರೆ ನಿಜವಾದ ಉದ್ದ ಸಿಕ್ಕೀತೇ? ಇಲ್ಲಿ ಇನ್ನೊಂದು ತಪ್ಪು ಒಳಗೆ ಬರುತ್ತದೆ. ಪ್ರತಿ ಚುಕ್ಕಿಯೂ ನಾಲ್ಕಾರು ಮೀಟರ್ ಅತ್ತಿತ್ತ ಬಿದ್ದಿರುತ್ತದೆ. ಮೇಜಿನ ಮೇಲೆ ರಾತ್ರಿಯಿಡೀ ಇಟ್ಟ ಫೋನು ಸೆಕೆಂಡಿಗೊಂದರಂತೆ ದಾಖಲಿಸಿದ ಚುಕ್ಕಿಗಳನ್ನು ಕೂಡಿಸಿದರೆ, ಬೆಳಗಾಗುವಷ್ಟರಲ್ಲಿ ಅದು ಕಿಲೋಮೀಟರ್ ಲೆಕ್ಕದಲ್ಲಿ ನಡೆದಂತೆ ತೋರಬಹುದು. ದಟ್ಟ ಕಾಡಿನ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ಸಂಕೇತ ಅಡ್ಡಿಗೆ ಬಡಿದು ಬರುವುದರಿಂದ ಈ ಅಲುಗಾಟ ಇನ್ನೂ ಜಾಸ್ತಿ. ಚಾರಣ ಮುಗಿಸಿ ಬಂದ ಇಬ್ಬರ ಫೋನಿನಲ್ಲಿ ಒಂದೇ ದಾರಿಗೆ ಬೇರೆ ಬೇರೆ ದೂರ ಬರುವುದಕ್ಕೆ ಇದೊಂದು ಮುಖ್ಯ ಕಾರಣ.

ಚುಕ್ಕಿಗಳ ಅಂತರ ಬದಲಾದರೆ ಉದ್ದವೂ ಬದಲಾಗುವುದರ ದೊಡ್ಡ ರೂಪವನ್ನು ಈಚೆಗೆ ಇಡೀ ದೇಶವೇ ಕಂಡಿತು. ನಾವೆಲ್ಲ ಶಾಲೆಯಲ್ಲಿ ಭಾರತದ ಕರಾವಳಿಯ ಉದ್ದ 7,516.6 ಕಿಲೋಮೀಟರ್ ಎಂದು ಬಾಯಿಪಾಠ ಮಾಡಿದವರು. ಕೇಂದ್ರ ಗೃಹ ಸಚಿವಾಲಯದ 2023-24ರ ವಾರ್ಷಿಕ ವರದಿ ಅದನ್ನು 11,098.81 ಎಂದು ತಿದ್ದಿತು. ಗುಜರಾತಿನದು 1,214.7ರಿಂದ 2,340.62ಕ್ಕೆ ಏರಿ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಕರ್ನಾಟಕದ್ದು 280ರಿಂದ 343.3 ಕಿಲೋಮೀಟರಿಗೆ ಬಂತು. ಕಾರವಾರದಿಂದ ಮಂಗಳೂರಿಗೆ ದಾರಿಯೇನೂ ಉದ್ದವಾಗಲಿಲ್ಲ. ಹಳೆಯ ಅಳತೆ 1:45,00,000 ಪ್ರಮಾಣದ ನಕ್ಷೆಯ ಮೇಲೆ ಮಾಡಿದ್ದು, ಹೊಸದು 1:2,50,000 ಪ್ರಮಾಣದ್ದು. ಮೊದಲನೆಯದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 45 ಕಿಲೋಮೀಟರ್, ಎರಡನೆಯದರಲ್ಲಿ ಎರಡೂವರೆ. ಕಾಳಿ, ಅಘನಾಶಿನಿ, ಶರಾವತಿ ಕಡಲು ಸೇರುವ ಅಗಲವಾದ ಅಳಿವೆಗಳನ್ನು ಹಳೆಯ ಪ್ರಮಾಣದಲ್ಲಿ ಹೇಗೆ ತೋರಿಸಲಾದೀತು? ಹೊಸ ನಕ್ಷೆಯಲ್ಲಿ ಚುಕ್ಕಿಗಳು ಹತ್ತಿರ ಹತ್ತಿರ ಕೂತವು, ಗೆರೆ ಒಳಗೆ ಹೊಕ್ಕು ಹೊರಬಂತು. ಬಿಟ್ಟುಹೋಗಿದ್ದ ದ್ವೀಪಗಳ ಅಂಚೂ ಲೆಕ್ಕಕ್ಕೆ ಸೇರಿತು. ಇನ್ನೂ ದೊಡ್ಡ ಪ್ರಮಾಣದ ನಕ್ಷೆ ಹಿಡಿದರೆ ಉದ್ದ ಇನ್ನೂ ಬೆಳೆಯುತ್ತದೆ. ಬ್ರಿಟನ್ನಿನ ಕರಾವಳಿಯ ಉದ್ದವೆಷ್ಟು ಎಂಬ ಪ್ರಶ್ನೆಯನ್ನು ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ 1967ರಲ್ಲೇ ಎತ್ತಿ, ಅಳತೆಗೋಲು ಹೇಳದೆ ಅದಕ್ಕೆ ಉತ್ತರವಿಲ್ಲ ಎಂದು ತೋರಿಸಿದ್ದರು. ನಮ್ಮ ಪಠ್ಯಪುಸ್ತಕಗಳು ಹೊಸ ಅಂಕಿಯನ್ನು ಅಚ್ಚು ಹಾಕುವಾಗ ಪಕ್ಕದಲ್ಲಿ ಪ್ರಮಾಣವನ್ನೂ ಹಾಕಬೇಕು ಎಂಬುದು ನನ್ನ ಒತ್ತಾಯ. ಪ್ರಮಾಣವಿಲ್ಲದ ಉದ್ದವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವುದರಲ್ಲಿ ಅರ್ಥವಿಲ್ಲ.

ಚುಕ್ಕಿ ಹೆಚ್ಚಾದಾಗ ಕಡಿಮೆ ಮಾಡುವ ವಿಧಾನವೂ ಇದೆ. ಡೇವಿಡ್ ಡಗ್ಲಸ್, ಥಾಮಸ್ ಪ್ಯೂಕರ್ ಎಂಬಿಬ್ಬರು 1973ರಲ್ಲಿ ಪ್ರಕಟಿಸಿದ್ದು ಇಂದಿಗೂ ಬಹುತೇಕ ನಕ್ಷೆ ತಂತ್ರಾಂಶಗಳಲ್ಲಿ ಕೆಲಸ ಮಾಡುತ್ತಿದೆ. ಮೊದಲ ಮತ್ತು ಕೊನೆಯ ಚುಕ್ಕಿಗಳನ್ನು ನೇರವಾಗಿ ಕೂಡಿಸಿ, ಆ ಗೆರೆಯಿಂದ ಅತಿ ದೂರದಲ್ಲಿರುವ ಚುಕ್ಕಿ ಯಾವುದು ಎಂದು ನೋಡುವುದು. ಅದು ನಾವು ಒಪ್ಪಿದ ಮಿತಿಗಿಂತ ಹೆಚ್ಚು ದೂರವಿದ್ದರೆ ಉಳಿಸಿಕೊಂಡು, ಗೆರೆಯನ್ನು ಅಲ್ಲಿ ಮುರಿದು, ಎರಡು ತುಂಡುಗಳಿಗೂ ಮತ್ತೆ ಅದೇ ಪರೀಕ್ಷೆ. ಮಿತಿಯೊಳಗಿದ್ದರೆ ನಡುವಿನ ಚುಕ್ಕಿಗಳೆಲ್ಲ ಹೋದವು. ಮಿತಿ ಎಷ್ಟಿರಬೇಕು ಎಂದು ವಿಧಾನ ಹೇಳುವುದಿಲ್ಲ, ನಾವು ಹೇಳಬೇಕು. ಜಿಲ್ಲಾ ನಕ್ಷೆಗೆ 50 ಮೀಟರ್ ನಡೆದೀತು. ಹೊಲದ ಬದುವಿಗೆ ಅರ್ಧ ಮೀಟರೂ ಹೆಚ್ಚು.

ಬಸ್ಸಿನ ಮಾರ್ಗಗಳನ್ನು ಫೋನಿನಲ್ಲಿ ನೋಡುವವರು ಚುಕ್ಕಿ ಸಾಲದೆ ಗೆರೆ ದಾರಿ ತಪ್ಪುವುದನ್ನು ಇನ್ನೊಂದು ರೀತಿಯಲ್ಲಿ ಕಾಣಬಹುದು. ಬಸ್ ನಿಲ್ದಾಣಗಳು ಚುಕ್ಕಿಗಳು, ಅವನ್ನಷ್ಟೇ ಕೂಡಿಸಿದರೆ ಬೆಂಗಳೂರಿನ ಹಲಸೂರು ಕೆರೆಯ ಈ ದಂಡೆಯ ನಿಲ್ದಾಣದಿಂದ ಆ ದಂಡೆಯ ನಿಲ್ದಾಣಕ್ಕೆ ಬಸ್ಸು ನೀರಿನ ಮೇಲೆ ಹೋಗುತ್ತದೆ. ಅದಕ್ಕೇ ಜಗತ್ತಿನ ಸಾರಿಗೆ ಸಂಸ್ಥೆಗಳು ಬಳಸುವ ಜಿಟಿಎಫ್‌ಎಸ್ ಎಂಬ ಮಾಹಿತಿ ಮಾದರಿಯಲ್ಲಿ ನಿಲ್ದಾಣಗಳಿಗೊಂದು ಕಡತ, ದಾರಿಯ ಆಕಾರಕ್ಕೇ ಬೇರೊಂದು ಕಡತ ಇಟ್ಟಿದ್ದಾರೆ. ಆಕಾರದ ಕಡತದಲ್ಲಿ ಪ್ರತಿ ಚುಕ್ಕಿಗೂ ಅದು ಯಾವ ಗೆರೆಗೆ ಸೇರಿದ್ದು, ಎಷ್ಟನೆಯದು ಎಂಬ ಎರಡು ಅಂಕಣ ಕಡ್ಡಾಯ. ಗುಂಪು ಮತ್ತು ಅನುಕ್ರಮ, ಮತ್ತೆ ಅವೇ ಎರಡು.

ಬಸ್ಸು ನೀರಿನ ಮೇಲೆ ಹೋದರೆ ಯಾರೂ ನಂಬುವುದಿಲ್ಲ, ಹಾಗಾಗಿ ನಷ್ಟವಿಲ್ಲ. ಆನೆ ತೋಟದೊಳಗೆ ಹೋಯಿತು ಎಂದರೆ ನಂಬುತ್ತಾರೆ. ಕೊಡಗು, ಹಾಸನದಲ್ಲಿ ಅರಣ್ಯ ಇಲಾಖೆ ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದೆ. ಬ್ಯಾಟರಿ ಉಳಿಸಬೇಕಾದ್ದರಿಂದ ಕಾಲರ್ ಗಂಟೆಗಳ ಅಂತರದಲ್ಲಿ ಚುಕ್ಕಿ ಕಳಿಸುವಂತೆ ಹೊಂದಿಸುವುದುಂಟು. ಸಂಜೆಯ ಚುಕ್ಕಿ ಕಾಡಿನ ಈ ಅಂಚಿನಲ್ಲಿ, ರಾತ್ರಿಯದು ಆ ಅಂಚಿನಲ್ಲಿ, ನಡುವೆ ಕಾಫಿ ತೋಟವೂ ಕಾರ್ಮಿಕರ ಲೈನ್ ಮನೆಗಳೂ ಇವೆ ಎಂದಿಟ್ಟುಕೊಳ್ಳಿ. ನೇರ ಗೆರೆ ಲೈನ್ ಮನೆಗಳ ಅಂಗಳದ ಮೇಲೇ ಹಾಯುತ್ತದೆ. ಆನೆ ಹಾಗೆ ಹೋಗಿರಬಹುದು, ಹೊಳೆ ಬಳಸಿಕೊಂಡೂ ಹೋಗಿರಬಹುದು. ಚುಕ್ಕಿಗಳು ಎರಡಕ್ಕೂ ಒಪ್ಪುತ್ತವೆ. ಆ ಗೆರೆಯನ್ನೇ ಆನೆದಾರಿ ಎಂದು ಬರೆದಿಟ್ಟರೆ ನಾಳೆ ಅದರ ಮೇಲೆ ಕಂದಕ ತೋಡುತ್ತಾರೆ, ಬೇಲಿ ಹಾಕುತ್ತಾರೆ, ಪರಿಹಾರ ಕೊಡುತ್ತಾರೆ ಅಥವಾ ಕೊಡದೆ ಬಿಡುತ್ತಾರೆ. ಜನರಿಗೂ ಆನೆಗೂ ಇದು ಜೀವದ ಪ್ರಶ್ನೆ. ಚುಕ್ಕಿಗಳ ನಡುವಿನ ಕಾಲ ಇಷ್ಟು ಗಂಟೆ ಮೀರಿದರೆ ಗೆರೆಯನ್ನು ಅಲ್ಲಿಗೆ ತುಂಡರಿಸಬೇಕು, ತೋರಿಸಲೇಬೇಕಿದ್ದರೆ ತುಂಡುಗೆರೆಯಾಗಿ ತೋರಿಸಬೇಕು. ಆಸ್ಟ್ರಿಯಾದ ಅನಿತಾ ಗ್ರೇಸರ್ ರೂಪಿಸಿದ ಟ್ರಾಜೆಕ್ಟೂಲ್ಸ್ ಎಂಬ ಕ್ಯೂಜಿಐಎಸ್ ಪ್ಲಗಿನ್ ಈ ತುಂಡರಿಸುವ ಕೆಲಸವನ್ನು ಮಾಡಿಕೊಡುತ್ತದೆ, ಅದೂ ಉಚಿತವೇ.

ಗೆರೆಗೂ ಸಾಕ್ಷಿ ಇದ್ದ ಕಾಲವೊಂದಿತ್ತು. ಬ್ರಿಟಿಷ್ ಸರ್ವೆ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ, 1804ರಲ್ಲಿ ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಹಿಡಿದು ಮೈಲಿಗಟ್ಟಲೆ ಆಧಾರರೇಖೆ ಅಳೆದರು. ಎರಡರ ನಡುವೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಕಟ್ಟುತ್ತ ಬಂದು ಲೆಕ್ಕ ಹಾಕಿದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಬಂದ ವ್ಯತ್ಯಾಸ ಕೆಲವೇ ಅಂಗುಲ. ಆ ಪ್ರತಿ ಗೆರೆಯೂ ದೃಷ್ಟಿಯ ಗೆರೆ. ಒಂದು ಬೆಟ್ಟದ ತುದಿಯಲ್ಲಿ ಕೋನ ಅಳೆಯುವ ಥಿಯೊಡೊಲೈಟ್ ಇಟ್ಟು ನಿಂತವನಿಗೆ ಇನ್ನೊಂದು ಬೆಟ್ಟದ ಗುರುತು ಕಂಡರೆ ಮಾತ್ರ ಗೆರೆ, ಮಂಜು ಕವಿದರೆ ಕಾಯಬೇಕು. ಹೀಗೆ ಮಂಗಳೂರು ಮುಟ್ಟಿದಾಗ, ಮದರಾಸಿನಿಂದ ಪಶ್ಚಿಮ ಕರಾವಳಿಗೆ 400 ಮೈಲಿ ಎಂದು ನಂಬಿದ್ದ ದೂರ 360 ಮಾತ್ರ ಎಂದು ಗೊತ್ತಾಯಿತು. ನಲವತ್ತು ಮೈಲಿ ನಕ್ಷೆಯಿಂದಲೇ ಅಳಿಸಿಹೋಯಿತು.

ಇಂದು ಗೆರೆಗೆ ಅತಿ ಹೆಚ್ಚು ಬೆಲೆ ಇರುವುದು ಜಮೀನಿನಲ್ಲಿ. ನಮ್ಮ ಕಂದಾಯ ಸರ್ವೆಯ ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ, 1,089 ಚದರಡಿ. ನಲವತ್ತು ಗುಂಟೆಗೆ ಎಕರೆ. 33 ಅಡಿ ಎಂದರೆ ಹತ್ತು ಮೀಟರಿಗೆ ತುಸು ಹೆಚ್ಚು. ಬಯಲಿನಲ್ಲಿ ನಿಂತಾಗಲೂ ಸಾದಾ ಫೋನಿನ ಜಿಪಿಎಸ್ ಐದು ಮೀಟರ್ ಆಸುಪಾಸು ತಪ್ಪುತ್ತದೆ, ಅಡಿಕೆ ತೋಟದ ಒಳಗೆ ಇನ್ನೂ ಹೆಚ್ಚು. ಅಂದರೆ ಗುಂಟೆಯ ಒಂದು ಮಗ್ಗುಲಲ್ಲಿ ಅರ್ಧದಷ್ಟು ಅನುಮಾನ. ಫೋನು ಹಿಡಿದು ಹೊಲದ ನಾಲ್ಕು ಮೂಲೆ ಸುತ್ತಿ, ಚುಕ್ಕಿ ಕೂಡಿಸಿ, ‘ಪಕ್ಕದವರು ಎರಡು ಗುಂಟೆ ಒತ್ತಿದ್ದಾರೆ’ ಎಂದು ಜಗಳಕ್ಕೆ ನಿಲ್ಲುವುದು ಈಚೆಗೆ ಹಳ್ಳಿಗಳಲ್ಲಿ ಕೇಳಿಬರುತ್ತಿದೆ. ಅಣ್ಣ ತಮ್ಮಂದಿರು ಮಾತು ಬಿಡುವುದಕ್ಕೆ ಆ ಎರಡು ಗುಂಟೆ ಸಾಕು. ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸುವುದು ನಿಜವಾಗಿ ಉಪಯುಕ್ತ, ಯಾವ ನಂಬರಿನಲ್ಲಿದ್ದೇನೆ ಎಂಬುದು ರೈತನಿಗೆ ಬೇಕಾದ ಮಾಹಿತಿ. ಗಡಿ ಎಲ್ಲಿದೆ ಎಂಬ ಪ್ರಶ್ನೆಯೇ ಬೇರೆ. ಅದಕ್ಕೆ ಹದ್ದುಬಸ್ತಿಗೆ ಅರ್ಜಿ ಹಾಕಬೇಕು, ಅಕ್ಕಪಕ್ಕದವರಿಗೆ ನೋಟಿಸು ಹೋಗಬೇಕು, ಭೂಮಾಪಕರು ಮೂಲ ಟಿಪ್ಪಣಿ ಹಿಡಿದು ಬಂದು ಬಾಂದು ಕಲ್ಲು ಹುಡುಕಿ ಅಳೆಯಬೇಕು. ಸರ್ವೆ ಆಫ್ ಇಂಡಿಯಾ ಸ್ಥಾಪಿಸಿರುವ ಕಾರ್ಸ್ ಎಂಬ ಸ್ಥಿರ ಕೇಂದ್ರಗಳ ಜಾಲದ ನೆರವಿನಿಂದ ರೋವರ್ ಉಪಕರಣ ಈಗ ಕೆಲವೇ ಸೆಂಟಿಮೀಟರ್ ನಿಖರತೆಯಲ್ಲಿ ಚುಕ್ಕಿ ಕೊಡುತ್ತದೆ. ಚುಕ್ಕಿ ಅಷ್ಟು ನಿಖರವಾದ ಮೇಲೂ ಯಾವ ಕಲ್ಲಿನಿಂದ ಯಾವ ಕಲ್ಲಿಗೆ ಗೆರೆ ಎಂಬುದನ್ನು ಟಿಪ್ಪಣಿಯೂ ನೆರೆಹೊರೆಯವರೂ ಒಪ್ಪಿಯೇ ತೀರಬೇಕು.

ಹಾಗಾಗಿ ನಕ್ಷೆ ಮಾಡುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟು. ‘ಪಾಯಿಂಟ್ಸ್ ಟು ಪಾತ್’ ಕೊಡುವ ಹೊಸ ಪದರದಲ್ಲಿ ಗುಂಪಿನ ಹೆಸರು, ಆರಂಭ, ಅಂತ್ಯ ಎಂಬಷ್ಟೇ ಉಳಿಯುತ್ತದೆ, ನಡುವಿನ ಚುಕ್ಕಿಗಳ ವೇಳೆ, ದರ್ಜೆ ಎಲ್ಲ ಬಿಟ್ಟುಹೋಗುತ್ತದೆ. ಅದರ ಅಟ್ರಿಬ್ಯೂಟ್ ಟೇಬಲ್ ತೆರೆದು ಇನ್ನೂ ಮೂರು ಅಂಕಣ ಸೇರಿಸಿ: ಈ ಗೆರೆಯಲ್ಲಿ ಎಷ್ಟು ಚುಕ್ಕಿ, ಎರಡು ಚುಕ್ಕಿಗಳ ನಡುವಿನ ಅತಿ ದೊಡ್ಡ ಅಂತರ ಎಷ್ಟು ಗಂಟೆ, ಯಾವ ಉಪಕರಣದಿಂದ ಅಳೆದದ್ದು. ಒಂದೇ ಚುಕ್ಕಿ ಇದ್ದ ಗುಂಪಿನಿಂದ ಗೆರೆ ಆಗುವುದಿಲ್ಲವಾದ್ದರಿಂದ ಅದು ಹೊಸ ಪದರಕ್ಕೆ ಬಂದೇ ಇರುವುದಿಲ್ಲ. ಹಳೆಯ ಪಟ್ಟಿಯೊಂದಿಗೆ ಎಣಿಸಿ ಸರಿನೋಡಿ. ಚುಕ್ಕಿಗಳ ಪದರವನ್ನು ಅಳಿಸದೆ ಗೆರೆಯ ಜೊತೆಗೇ ಕಡತದಲ್ಲಿಟ್ಟು ಕೊಡಿ. ಅಚ್ಚಿಗೆ ಹೋಗುವ ನಕ್ಷೆಯಲ್ಲೂ ಗೆರೆಯ ಮೇಲೆ ಚುಕ್ಕಿಗಳು ಕಾಣುವಂತಿರಲಿ, ಎರಡು ಮಿಲಿಮೀಟರಿನ ವೃತ್ತ ಸಾಕು.